ನಂಜುಂಡನ ಬಾಣಂತನ

ಹಾಸನದಲ್ಲಿ ಹೊಟ್ಟೆ ಕರಗಿಸುವ ಆಪರೇಷನ್ ಮಾಡಿಸಿಕೊಂಡು ನಂಜುಂಡ, ಆಲೂರು ಕಡೆಯ ಕೆ. ಹೊಸಕೋಟೆ ಹತ್ತಿರದ ತನ್ನ ತೋಟದ ಮನೆಗೆ ಬಂದಾಗ ಅವನನ್ನು ಕಾರಿನಿಂದ ಇಳಿಸಿಕೊಂಡವಳು ತಾಯಿ ಬೆಟ್ಟಮ್ಮ. ಕೈಯಲ್ಲಿ ಕೂಸೊಂದಿರಲಿಲ್ಲ ಅನ್ನುವುದನ್ನು ಬಿಟ್ಟರೆ ಉಳಿದದ್ದೆಲ್ಲ ಬಾಣಂತಿಯ ಸ್ವಾಗತವೇ. ನಡುಮನೆ ಪಕ್ಕದ ಕತ್ತಲೆ ಕೋಣೆಯಲ್ಲಿ ಮಂಚ, ಮಂಚದ ಪಕ್ಕ ಕೆಂಡ ತುಂಬಿದ ಅಗ್ಗಿಷ್ಟಿಕೆ, ಕಿಟಕಿಗೆ ಕಂಬಳಿ. ಬೆಟ್ಟಮ್ಮ ಅವನ ಕಿವಿಗೆ ಹತ್ತಿ ತುರುಕಿದಳು, ತಲೆಗೆ ಮಫ್ಲರ್ ಬಿಗಿದಳು. ಸೊಂಟಕ್ಕೆ ತನ್ನ ಹಳೇ ಸೀರೆ ಸುತ್ತಲು ಬಂದಾಗ ಮಾತ್ರ ನಂಜುಂಡ ಹೊಲಿಗೆ ತೋರಿಸಿ ತಪ್ಪಿಸಿಕೊಂಡ.

"ಹೊಟ್ಟೆ ಕುಯ್ಸ್ಕೊಂಡ್ ಬಂದೋರ್ಗೆಲ್ಲ ಒಂದೇ ಪಥ್ಯ ಕಣ್ಲಾ," ಅಂದಳು ಬೆಟ್ಟಮ್ಮ. "ಒಳಗಿಂದ ಮಗ ತೆಗುದ್ರೋ ಜಠರ ತೆಗುದ್ರೋ, ಗಾಯಕ್ಕೇನ್ ಗೊತ್ತಾಯ್ತದೆ."

ಸುತ್ತಿನ ಊರುಗಳಲ್ಲಿ ಬೆಟ್ಟಮ್ಮನ ಬಾಣಂತನಕ್ಕೆ ದೊಡ್ಡ ಹೆಸರು. ಅವಳ ಕೈಗೆ ಸಿಕ್ಕ ಬಾಣಂತಿಯ ಹೊಟ್ಟೆ ಮದುವೆಗೆ ಮುಂಚೆ ಇದ್ದ ಹಾಗೆ ಚಪ್ಪಟೆಯಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಅದರ ಗುಟ್ಟು ಇಷ್ಟೇ: ನೀರು ಕೊಡಬಾರದು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ. ಬೇಕಿದ್ದರೆ ಮೆಣಸಿನ ಸಾರು ಎರಡು ಚಮಚ, ಅದೂ ಬಿಸಿಬಿಸಿ.

ಡಾಕ್ಟರು ಹೇಳಿ ಕಳಿಸಿದ್ದು ಪೂರ್ತಿ ಉಲ್ಟಾ. ಊಟ ತಪ್ಪಿದರೂ ನೀರು ತಪ್ಪಬಾರದು. ಕತ್ತರಿಸಿ ತೆಗೆದ ಮೇಲೆ ಒಳಗೆ ಉಳಿದಿರುವುದು ಬಾಳೆಹಣ್ಣಿನಷ್ಟು ಜಠರ, ಗಟಗಟ ಕುಡಿದರೆ ಹಿಡಿಯುವುದಿಲ್ಲ, ಹಾಗಾಗಿ ಎದ್ದಾಗಿನಿಂದ ಮಲಗುವವರೆಗೂ ಗುಟುಕು ಗುಟುಕಾಗಿ ಹೀರುತ್ತಲೇ ಇರಬೇಕು. ಹೆಂಡತಿ ಮಾನಸ ಇದನ್ನೆಲ್ಲ ಕಿವಿಗೊಟ್ಟು ಕೇಳಿಸಿಕೊಂಡು ಬಂದಿದ್ದಳು. ಆಲೂರಿನ ಸೊಸೈಟಿಯಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಗಂಡನ ತಲೆದಿಂಬಿನ ಪಕ್ಕ ನೀರಿನ ಬಾಟಲಿ ತುಂಬಿಟ್ಟು ಬಸ್ಸು ಹಿಡಿಯುತ್ತಿದ್ದಳು. ಬಸ್ಸು ತಿರುವು ದಾಟಿದ್ದೇ ತಡ, ಬೆಟ್ಟಮ್ಮ ಬಾಟಲಿ ಎತ್ತಿಕೊಂಡು ಹೋಗಿ ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದಳು. ಸಂಜೆ ಖಾಲಿ ಬಾಟಲಿ ನೋಡಿ ಮಾನಸ, "ಪರ್ವಾಗಿಲ್ವೇ, ಜಾಣ ಆಗ್ಬುಟ್ರಿ," ಅನ್ನುತ್ತಿದ್ದಳು. ನಂಜುಂಡ ಒಣಗಿದ ತುಟಿಯಲ್ಲೇ ಹಲ್ಲು ಕಿರಿಯುತ್ತಿದ್ದ. ಕರಿಬೇವು ಮಾತ್ರ ಸೊಂಪಾಗಿ ಚಿಗುರಿತು.

ಬಿ.ಎ. ಓದಿದ ಗಂಡಸು ಹೀಗೆ ಬಾಯಿ ಮುಚ್ಚಿಕೊಂಡು ಯಾಕೆ ಬಿದ್ದಿದ್ದ ಅಂದರೆ, ಭಯ. ಕಳೆದ ಕೊಯ್ಲಿನಲ್ಲಿ ಅವನು ತನ್ನದೇ ಕಾಫಿ ತೋಟದ ಇಳಿಜಾರಿನಲ್ಲಿ ಜಾರಿ ಬಿದ್ದು, ಎದ್ದೇಳಲಾರದೆ, ಕೊನೆಗೆ ಆಳುಗಳು ಮರದ ದಿಮ್ಮಿ ಎಳೆಯುವ ಹಗ್ಗವನ್ನೇ ಅವನಿಗೂ ಕಟ್ಟಿ ಐಸಾ ಎಂದು ಎಳೆದಿದ್ದರು. ಹಣ್ಣು ಕೊಯ್ಯುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದು ಅವನ ಕಣ್ಣಿಗೆ ಕಟ್ಟಿದಂತಿತ್ತು. ಆ ಹೊಟ್ಟೆ ವಾಪಸು ಬಂದರೆ ಏನು ಗತಿ? ಡಾಕ್ಟರ ಮಾತು ನಿಜವೇ ಇರಬಹುದು. ಆದರೆ ಅವ್ವನ ಮಾತೂ ನಿಜವಾಗಿಬಿಟ್ಟರೆ? ಬಾಯಾರಿಕೆ ತಡೆದುಕೊಂಡರೆ ನಷ್ಟವೇನೂ ಇಲ್ಲವಲ್ಲ ಎಂದು ಈ ಮಹಾಶಯ ಲೆಕ್ಕ ಹಾಕಿದ್ದ.

ಒಂದು ಮಧ್ಯಾಹ್ನ ಆಲೂರಿನ ಕಾಫಿ ವ್ಯಾಪಾರಿ ತಾಜುದ್ದೀನ್ ಬಂದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಕೋಣೆಯ ಹೊಗೆ, ಕೆಂಡ, ಮಫ್ಲರ್ ಎಲ್ಲವನ್ನೂ ನೋಡಿ ಬಾಗಿಲಲ್ಲೇ ನಿಂತ.

"ಏನ್ ಮಾರಾಯ, ಗಂಡೋ ಹೆಣ್ಣೋ?"

"ನಗಿಸ್ಬೇಡ, ಹೊಲಿಗೆ ಎಳೀತೈತೆ," ಅಂದ ನಂಜುಂಡ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತು ತೊದಲುತ್ತಿತ್ತು.

"ತುಟಿ ನೋಡೋ ನಿಂದು, ಒಡದ್ ಹೋಗೈತೆ. ನೀರ್ ಕುಡಿತಿದೀಯೋ ಇಲ್ವೋ?"

ಅಷ್ಟರಲ್ಲಿ ಬೆಟ್ಟಮ್ಮ ಅತಿಥಿಗೆ ಕಾಫಿಯನ್ನೂ ಒಂದು ಚೊಂಬು ತಣ್ಣನೆ ನೀರನ್ನೂ ತಂದಿಟ್ಟಳು. ತಾಜುದ್ದೀನ್ ಚೊಂಬೆತ್ತಿ ಕುಡಿದ. ಒಂದು ಹನಿ ಅವನ ಗಡ್ಡಕ್ಕೆ ಇಳಿದು ಅಲ್ಲೇ ತೂಗಾಡಿತು. ನಂಜುಂಡನಿಗೆ ಗೆಳೆಯನ ಮುಖ ಕಾಣಲಿಲ್ಲ, ಕಾಫಿಯ ರೇಟು ಕೇಳಿಸಲಿಲ್ಲ. ಆ ಹನಿಯೊಂದೇ ಕಾಣುತ್ತಿತ್ತು.

ತಾಜುದ್ದೀನನನ್ನು ಬೀಳ್ಕೊಡಲು ಬೆಟ್ಟಮ್ಮ ಅಂಗಳಕ್ಕೆ ಇಳಿದದ್ದೇ ತಡ, ನಂಜುಂಡ ಗೋಡೆ ಹಿಡಿದುಕೊಂಡು ಬಚ್ಚಲಿಗೆ ನುಗ್ಗಿದ. ಹಂಡೆಯಲ್ಲಿ ಸ್ನಾನದ ನೀರು ಉಗುರು ಬೆಚ್ಚಗಿತ್ತು. ತಂಬಿಗೆ ತುಂಬಿ ಎತ್ತಿದ. ಗುಟುಕು ಗುಟುಕಾಗಿ ಕುಡಿಯಬೇಕೆಂದು ಡಾಕ್ಟರು ಹೇಳಿದ್ದೇನೋ ನೆನಪಿತ್ತು. ಆದರೆ ಕದ್ದು ಕುಡಿಯುವವನಿಗೆ ಅಷ್ಟು ಪುರುಸೊತ್ತು ಎಲ್ಲಿರುತ್ತದೆ? ಒಂದೇ ಉಸಿರಿಗೆ ಸುರಿದುಕೊಂಡ. ಬಾಳೆಹಣ್ಣಿನಷ್ಟು ಜಠರ ಒಪ್ಪಲಿಲ್ಲ. ಎದೆಗೆ ಗೂಟ ಹೊಡೆದಂತಾಗಿ, ಹೋದ ನೀರೆಲ್ಲ ಹೋದ ದಾರಿಯಲ್ಲೇ ವಾಪಸು ಬಂತು. ಕಣ್ಣು ಕತ್ತಲಿಟ್ಟು, ಮಫ್ಲರ್ ಸಮೇತ ಬಚ್ಚಲ ಕಲ್ಲಿನ ಮೇಲೆ ಕುಸಿದ. ಸದ್ದು ಕೇಳಿ ಓಡಿಬಂದ ತಾಜುದ್ದೀನ್ ಅವನನ್ನು ಜೀಪಿಗೆ ಹಾಕಿಕೊಂಡ. ಹಗ್ಗ ಬೇಕಾಗಲಿಲ್ಲ.

ಆಲೂರಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಸುದ್ದಿ ತಿಳಿದು ಮಾನಸ ಸೊಸೈಟಿಯಿಂದ ಓಡಿಬಂದಳು. ವಯಸ್ಸಿನಲ್ಲಿ ಚಿಕ್ಕವಳಾದ ಡಾಕ್ಟರಮ್ಮ ಎಲ್ಲರನ್ನೂ ಸಾಲಾಗಿ ನೋಡಿದಳು.

"ಮೈಯಲ್ಲಿ ನೀರೇ ಇಲ್ಲ. ಇನ್ನೊಂದೆರಡು ದಿನ ಬಿಟ್ಟಿದ್ರೆ ಕಿಡ್ನಿ ಕೈಕೊಡ್ತಿತ್ತು. ನೀರು ಕೊಡ್ಬೇಡಿ ಅಂತ ಹೇಳ್ದೋರ್ಯಾರು?"

ನಂಜುಂಡ ಕಣ್ಣು ಮುಚ್ಚಿಕೊಂಡ. ಜೀಪಿನಲ್ಲೇ ಜೊತೆಗೆ ಬಂದಿದ್ದ ಬೆಟ್ಟಮ್ಮ ಮುಂದೆ ಬಂದಳು. "ನಾನೇ ಕಣವ್ವ. ಸುತ್ತಿನ್ ಊರ್ಗೆಲ್ಲ ನಾನೇ ಬಾಣಂತನ ಮಾಡಿರೋಳು. ನೀರ್ ಕೊಡದೆ ಯಾರ್ ಸತ್ತವ್ರೆ? ಇಗ ಇಲ್ಲೇ ನಿಂತವ್ಳೆ ನನ್ ಸೊಸೆ, ಕೇಳು. ಒಂದಿನಾನಾದ್ರೂ ನೀರ್ ಕೊಡಿ ಅಂದವ್ಳಾ?"

"ಕೇಳ್ಲಿಲ್ಲ ಅತ್ತೆ," ಅಂದಳು ಮಾನಸ. ದನಿ ಏರಿರಲಿಲ್ಲ. "ಕದ್ದೆ. ಮಗೂಗೆ ಎರೆಯಕ್ಕೆ ಅಂತ ಕಾಯ್ಸಿ ಇಡ್ತಿದ್ರಲ್ಲ, ಅದನ್ನ ಕುಡೀತಿದ್ದೆ. ಮಗು ಮೈ ತೊಳ್ದ್ ಮೇಲೆ ಉಳಿದಿದ್ದನ್ನೂ ಕುಡ್ದಿದೀನಿ."

ಡಾಕ್ಟರಮ್ಮ ಡ್ರಿಪ್ಪಿನ ವೇಗ ಸರಿಮಾಡಿ ಮುಂದಿನ ಮಂಚಕ್ಕೆ ನಡೆದಳು.

ನಂಜುಂಡನಿಗೆ ಸಿಕ್ಕಾಪಟ್ಟೆ ನಾಚಿಕೆಯಾಯಿತು. ಮಾನಸಳ ಬಾಣಂತನದ ಆ ದಿನಗಳಲ್ಲಿ ಅವನು ನಡುಮನೆಯಲ್ಲಿ ಫ್ಯಾನಿನ ಕೆಳಗೆ, ಪಕ್ಕದಲ್ಲಿ ಹೂಜಿ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ಹೆಂಡತಿಯ ಹೊಟ್ಟೆ ಚಪ್ಪಟೆಯಾದದ್ದನ್ನು ಅವ್ವನ ಕೈಗುಣ ಎಂದು ಕಂಡಕಂಡವರ ಮುಂದೆ ಜಂಬ ಕೊಚ್ಚಿದ್ದ. ನಾಕು ದಿನ ಬಾಯಿ ಒಣಗಿದ್ದಕ್ಕೇ ಅವನಿಗೆ ಜೀಪು, ಡಾಕ್ಟರು, ಡ್ರಿಪ್ಪು. ಅವಳನ್ನು ಬಾಯಾರಿತೇ ಎಂದು ಅವನು ಒಂದು ಸಲವೂ ಕೇಳಿರಲಿಲ್ಲ.

ಬೆಟ್ಟಮ್ಮ ಮಂಚದ ತುದಿಗೆ ಕೂತಳು.

"ಇವ್ನು ಹುಟ್ಟಿದಾಗ ನಮ್ಮತ್ತೆ ಬಚ್ಚಲಿಗೆ ಬೀಗ ಹಾಕೋಳು," ಅಂದಳು. "ನಾನು ದನ ನೀರ್ ಕುಡಿಯೋ ಬಾನಿಗೇ ಬಾಯಿ ಹಾಕ್ತಿದ್ದೆ. ಹಸ ಪಕ್ಕಕ್ಕೆ ಸರ್ಕೊಂಡು ಜಾಗ ಬುಡೋದು."

"ಮತ್ತೆ ನಂಗ್ಯಾಕತ್ತೆ ಹಂಗೆ ಮಾಡಿದ್ರಿ?"

"ಗೊತ್ತಿಲ್ಲ ಕಣವ್ವ. ಅದೇ ಸರಿ ಅಂದ್ಕೊಂಡ್ ಬುಟ್ಟಿದ್ದೆ."

ತಾಜುದ್ದೀನ್ ಅಂಗಡಿಯಿಂದ ತಂದಿಟ್ಟಿದ್ದ ಬಾಟಲಿಯ ಮುಚ್ಚಳ ತಿರುವಿ ಬೆಟ್ಟಮ್ಮ ಲೋಟಕ್ಕೆ ನೀರು ಬಗ್ಗಿಸಿದಳು. ನಂಜುಂಡ ಮಲಗಿದಲ್ಲಿಂದಲೇ ಕೈ ಚಾಚಿದ. ಲೋಟ ಅವನ ಕೈ ದಾಟಿಕೊಂಡು ಮಾನಸಳ ಮುಂದೆ ಹೋಗಿ ನಿಂತಿತು.

"ನೀ ಕುಡಿಯವ್ವ ಮೊದ್ಲು. ಅವುನ್ಗೆ ಸೂಜೀಲಿ ಹೋಗ್ತಾ ಐತೆ."

ಮಾನಸ ಲೋಟ ಇಸಿದುಕೊಂಡಳು. ಯಾವ ಅವಸರವೂ ಇಲ್ಲದೆ, ತಳದವರೆಗೂ ಕುಡಿದಳು. ನಂಜುಂಡ ಚಾಚಿದ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು ತನ್ನ ಸರದಿಗೆ ಕಾದ.