ತೋಳದ ಬಾಲದಲ್ಲೊಂದು ‘ಮ್’

ಒಂದೂರಲ್ಲಿ ಒಬ್ಬ ರೈತನಿದ್ದನಂತೆ. ಊರು ನಮ್ಮ ಹಂಪಾಪುರವಲ್ಲ, ರೋಮ್ ಕಡೆಯದು. ಮಧ್ಯಾಹ್ನ ನನಗೆ ಲ್ಯಾಟಿನ್ ಪರೀಕ್ಷೆ. ಹೊರಡುವ ಮೊದಲು ಪಾಠದ ಈ ಕತೆಯನ್ನು ಪೂರ್ತಿ ಹೇಳುತ್ತೇನೆಂದು ಅಜ್ಜಿಗೆ ಮಾತು ಕೊಟ್ಟಿದ್ದೆ. ಕೂರಲಾಗದೆ ಜಗಲಿಯ ಮೇಲೆ ಓಡಾಡುತ್ತಲೇ ಓದಿದೆ.

“ಲುಪುಮ್ ಅಗ್ರಿಕೋಲಾ ನೆಕಾವಿತ್. ಲುಪುಸ್ ಅಂದ್ರೆ ತೋಳ, ಅಗ್ರಿಕೋಲಾ ಅಂದ್ರೆ ರೈತ. ತೋಳ ರೈತನ್ನ ಕೊಂದುಬುಡ್ತು ಕಣಜ್ಜಿ. ಆಮೇಲೆ ರೈತ ಮನೆಗೆ ಬಂದು ಉಂಡ.”

“ಸತ್ತೋನು ಉಣ್ತಾನೇನಮ್ಮಿ? ತನ್ನ ತಿಥಿ ಊಟನ ತಾನೇ ಉಂಡ್ನಾ?”

ಪುಸ್ತಕವನ್ನು ಮತ್ತೆ ನೋಡಿದೆ. ಅಲ್ಲಿದ್ದದ್ದು ಲುಪುಸ್ ಅಲ್ಲ, ಲುಪುಮ್! ಕೊನೆಯ ‘ಮ್’ ನಮ್ಮ ‘ಅನ್ನು’ ಇದ್ದಂತೆ, ದ್ವಿತೀಯಾ ವಿಭಕ್ತಿ.

“ತೋಳವನ್ನು ರೈತ ಕೊಂದ, ಅಜ್ಜಿ! ಮನೆಗೆ ಬಂದ, ಉಂಡ, ಹೆಂಡತಿಗೆ ಎಲ್ಲಾ ಹೇಳಿ ಮಲಗಿದ. ಅಷ್ಟೇ.”

“ಹೂಂ,” ಎಂದಳು ಅಜ್ಜಿ. ಕತೆ ಪೂರ್ತಿಯಾಯಿತು.