ಅಪ್ಪನ ಹೆಸರಿನ ದುಡ್ಡು

ಉಮಾಕಾಂತ ಊರಿಗೆ ಉಪಕಾರಿ, ಮನೆಗೆ ಮಾರಿ. ಬ್ರಿಸ್ಬೇನಿನ ಕನ್ನಡ ಸಂಘದ ಯುಗಾದಿ ಊಟಕ್ಕೆ ಕೇಳುವ ಮೊದಲೇ ಚೆಕ್ ಬರೆಯುವವನು, ಡೆಂಟಲ್ ಓದು ಬಿಟ್ಟು ಅಡಿಲೇಡಿನ ಮಾಸನ್ ಲೇಕ್ಸ್ ಕ್ಯಾಂಪಸ್ಸಿನಲ್ಲಿ ಪರಿಸರ ವಿಜ್ಞಾನಕ್ಕೆ ಸೇರಿದ ಒಬ್ಬಳೇ ಮಗಳು ಪೂರ್ವಿಗೆ ಮಾತ್ರ ಫಾರೆಸ್ಟ್ ಲೇಕ್ ಬಡಾವಣೆಯ ಮನೆಯ ಬಾಗಿಲಲ್ಲಿ ನಿಂತು, "ನನ್ನ ಪಾಲಿಗೆ ನೀನು ಸತ್ತೆ. ಈ ಹೊಸ್ತಿಲು ತುಳೀಬೇಡ" ಅಂದಿದ್ದ. ಅದು ೨೦೧೩ರ ಜನವರಿ. ಹೆಂಡತಿ ಮೈತ್ರೇಯಿ ಅವತ್ತು ಬಾಯಿ ಬಿಡಲಿಲ್ಲ. ಆ ಮೌನಕ್ಕೆ ಈಗಲೂ ತನ್ನನ್ನೇ ಶಪಿಸಿಕೊಳ್ಳುತ್ತಾಳೆ.

ಪೂರ್ವಿಯದೂ ಅಪ್ಪನದೇ ಹಟ. ಅಮ್ಮ ದುಡ್ಡು ಕೊಡಲು ಹೋದರೆ, "ಐ ಡೋಂಟ್ ವಾಂಟ್ ಯುವರ್ ಮನಿ, ಅಮ್ಮಾ. ಅಪ್ಪ ಕೊಟ್ರೆ ಮಾತ್ರ" ಅಂದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಮೈತ್ರೇಯಿ ಒಂದು ಉಪಾಯ ಹೂಡಿದಳು. ತನ್ನ ಚೈಲ್ಡ್‌ಕೇರ್ ಕೆಲಸದ ಸಂಬಳದಲ್ಲಿ ತಿಂಗಳಿಗಿಷ್ಟು ಮಗಳ ಖಾತೆಗೆ ಹಾಕಿ, ವಿವರದ ಜಾಗದಲ್ಲಿ 'ಅಪ್ಪನಿಂದ' ಅಂತ ಬರೆಯತೊಡಗಿದಳು. ಮನೆಯ ಜಗಳಗಳಿಗೆ ತೇಪೆ ಹಾಕುವುದು ಅವಳಿಗೆ ಹಳೇ ಅಭ್ಯಾಸ.

ಮರುವರ್ಷ ಬಾಡಿಗೆ ಏರಿತು. ಪೂರ್ವಿ ಸರ್ಕಾರದ ವಿದ್ಯಾರ್ಥಿ ಅಲವೆನ್ಸಿಗೆ ಅರ್ಜಿ ಹಾಕಿದಳು. ಅದು ಸಿಗದಿದ್ದರೆ ಓದು ಬಿಡಬೇಕಿತ್ತು. ಆದರೆ ಇಪ್ಪತ್ತೆರಡು ತುಂಬುವವರೆಗೆ ಮಕ್ಕಳು ತಂದೆತಾಯಿಯ ಅವಲಂಬಿತರೆಂದು ಲೆಕ್ಕ, ಅಪ್ಪನ ಸಂಬಳ ದೊಡ್ಡದಿದ್ದರೆ ಮಗಳಿಗೆ ಏನೂ ಇಲ್ಲ. ಮನೆಯವರು ಹೊರಗೆ ಹಾಕಿದ್ದಾರೆ, ಅಲ್ಲಿಂದ ಕಾಸೂ ಬರುತ್ತಿಲ್ಲ ಅಂತ ತೋರಿಸಿದರಷ್ಟೇ ಅವಳು ಸ್ವತಂತ್ರಳು. ಅಧಿಕಾರಿ ಬ್ಯಾಂಕ್ ಲೆಕ್ಕದಲ್ಲಿದ್ದ ಹದಿನಾಲ್ಕು 'ಅಪ್ಪನಿಂದ' ಸಾಲು ತೋರಿಸಿ ಇದೇನು ಅಂತ ಕೇಳಿದಾಗ ಪೂರ್ವಿ ಇದ್ದದ್ದು ಇದ್ದ ಹಾಗೆ ಹೇಳಿದಳು: ಅಪ್ಪ ಸ್ವಲ್ಪ ಕಳಿಸ್ತಾರೆ, ಬಾಡಿಗೆಗೂ ಸಾಲಲ್ಲ. ಅರ್ಜಿ ಬಿದ್ದುಹೋಯಿತು.

ಅಲವೆನ್ಸ್ ಕಚೇರಿಯವರು ಉಮಾಕಾಂತನಿಗೂ ಫೋನ್ ಮಾಡಿ, ಅವನ ಹೆಸರಲ್ಲಿ ಹೋಗುವ ದುಡ್ಡಿನ ಬಗ್ಗೆ ಕೇಳಿದ್ದರು. "ಅವಳ ಖರ್ಚೆಲ್ಲ ನಮ್ಮದೇ" ಅಂತ ಜೇನು ಸುರಿಸಿ ಹೇಳಿ, ಫೋನ್ ಇಟ್ಟು ಹೆಂಡತಿಯ ಕಡೆ ತಿರುಗಿದ.

"ನನ್ನ ಹೆಸರಲ್ಲಿ ಕಳಿಸ್ತಿದ್ದೀಯಾ? ಒಳ್ಳೇದೇ ಆಯ್ತು ಬಿಡು. ಇನ್ನು ಓದು ಬಿಟ್ಟು ಬಾಲ ಮುದುರ್ಕೊಂಡು ಬರ್ತಾಳೆ."

"ಬಂದ್ರೆ ಬಾಗಿಲು ತೆಗೀತೀರಾ?"

"ಕಾಲಿಗೆ ಬೀಳ್ಲಿ. ಆಮೇಲೆ ನೋಡೋಣ."

ಮೈತ್ರೇಯಿಗೆ ಮೈಯೆಲ್ಲ ಉರಿದುಹೋಯಿತು. ಅವನ ಎದುರಿಗೇ ಊಟದ ಮೇಜಿನ ಮೇಲೆ ಕಾಗದ ಹರಡಿ ಆ ಕಚೇರಿಗೆ ಬರೆದಳು: ಆ ದುಡ್ಡು ನನ್ನದು. ಈತ ಮಗಳನ್ನು ಹೊರಗೆ ಹಾಕಿದ್ದಾನೆ, ಒಂದು ಕಾಸೂ ಕೊಟ್ಟಿಲ್ಲ. ಇವತ್ತಿನಿಂದ ನಾನೂ ಕೊಡುವುದಿಲ್ಲ. ಕೊನೆಯ ಸಾಲು ಬರೆಯಲು ಅವಳಿಗೆ ಮನಸ್ಸಿರಲಿಲ್ಲ. ಆದರೆ ಅದಿಲ್ಲದೆ ಬಿದ್ದ ಅರ್ಜಿ ಮತ್ತೆ ಎದ್ದು ನಿಲ್ಲುತ್ತಿರಲಿಲ್ಲ.

"ಸೈನ್ ಮಾಡಿದ್ರೆ ನೀನೂ ಹೊರಗೇ" ಅಂದ ಉಮಾಕಾಂತ.

"ಹಾಕಿ ನೋಡಿ" ಅಂದು ಸಹಿ ಹಾಕಿದಳು.

ಆಮೇಲೆ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಒಂದ್ಸಲಾನೂ ಅಪ್ಪ ಕಳಿಸ್ಲಿಲ್ವಾ?"

"ಇಲ್ಲ ಕಂದಾ."

"ಫಾದರ್ಸ್ ಡೇಗೆ ಕಾರ್ಡ್ ಹಾಕಿದ್ದೆ. ಥ್ಯಾಂಕ್ಸ್ ಅಂತ ಬರ್ದು."

ಗುಟ್ಟು ರಟ್ಟಾಗುತ್ತದೆಂದು ಲೆಟರ್‌ಬಾಕ್ಸಿನಿಂದಲೇ ಎತ್ತಿಟ್ಟುಕೊಂಡಿದ್ದ ಆ ಕಾರ್ಡು ಅಕ್ಕಿ ಡಬ್ಬದ ಕೆಳಗಿತ್ತು. ಮೈತ್ರೇಯಿ ಅದನ್ನೂ ಹೇಳಿದಳು.

"ಅಪ್ಪ 'ನೀನು ಸತ್ತೆ' ಅಂದ್ರು, ಅಷ್ಟೇ. ನೀನು ಫೂಲ್ ಮಾಡ್ದೆ. ಯೂ ಆರ್ ವರ್ಸ್" ಅಂದು ಪೂರ್ವಿ ಫೋನ್ ಇಟ್ಟಳು.

ಆರು ವಾರಕ್ಕೆ ಅಲವೆನ್ಸ್ ಮಂಜೂರಾಯಿತು. ಪೂರ್ವಿ ಪತ್ರದ ಫೋಟೋ ಕಳಿಸಿದಳು, ಜೊತೆಗೆ ಒಂದು ಮಾತೂ ಇರಲಿಲ್ಲ. ಆ ತಿಂಗಳ ಸಂಬಳ ಬಂದ ದಿನ ಮೈತ್ರೇಯಿ ಬ್ಯಾಂಕಿನ ಪುಟ ತೆರೆದು, ವಿವರದ ಜಾಗದಲ್ಲಿ ಮೊದಲ ಸಲ 'ಅಮ್ಮನಿಂದ' ಅಂತ ಬರೆದಳು. ಕಳಿಸುವಂತಿರಲಿಲ್ಲ. ಅಳಿಸಿದಳು.