ಸಾಯಬಣ್ಣನ ಫೋನು

ಯಾರದೋ ಮನೆಯ ಕುಕ್ಕರ್ ಸೀಟಿ ಹಾಕಿತು, ಮ್ಯೂಟ್ ಮಾಡಿ ಮಕ್ಕಳೇ, ಎಷ್ಟು ಸಲ ಹೇಳುವುದು, ಎನ್ನುತ್ತಲೇ ನೀಲಾವತಿ ಟೀಚರಿಗೆ ಅದು ಚೇತನನ ಮನೆಯ ಸೀಟಿ ಎಂದು ಗೊತ್ತಾಗಿಬಿಟ್ಟಿತು, ಅವನಮ್ಮನಿಗೆ ಬೆನ್ನುನೋವು, ಅಜ್ಜಿ ಊರಿಗೆ ಕಳಿಸಿ ಎಂದು ಹಟ ಹಿಡಿದು ಕೂತಿದ್ದಾಳೆ — ಗೊತ್ತು, ಎಲ್ಲರ ಮನೆಯದೂ ಗೊತ್ತು, ಲಾಕ್‌ಡೌನ್ ಬಿದ್ದು ವಡಾಲದ ಶಾಲೆಗೆ ಬೀಗ ಜಡಿದಾಗ ಮನೆಮನೆಗೂ ಫೋನ್ ಮಾಡಿ, ಪಾಲಕರ ಜೊತೆ ಬಾಂಧವ್ಯ ಬೆಳೆಸಿ ಎಂದು ಹೆಡ್‌ಮಿಸ್ ಹೇಳಿದ್ದೇ ತಡ, ಉಳಿದವರು ಕಾಟಾಚಾರಕ್ಕೊಂದು ಹಲೋ ಅಂದು ಕೈತೊಳೆದುಕೊಂಡರೆ ಇವಳು ಗೋರೆಗಾಂವಿನ ಈ ಪುಟ್ಟ ಕೋಣೆಯಲ್ಲಿ ಕೂತಲ್ಲೇ ಒಂಬತ್ತನೇ ಕ್ಲಾಸಿನ ಅಷ್ಟೂ ಮನೆಗಳ ಒಲೆಯ ಬುಡದವರೆಗೆ ಹೋಗಿ ಬಂದಿದ್ದಳು, ಸಾಯಬಣ್ಣನಂಥ ಬಿಗಿ ಮನುಷ್ಯ, ವೈಶಾಲಿಯ ಅಪ್ಪ, ವಿಜಯಪುರ ಕಡೆಯವನು, ರಾತ್ರಿಪಾಳಿಯ ವಾಚ್‌ಮನ್, ಅವನೂ ಕರಗಿ, ನೀವ ನಮ್ಮ ಮನಿಯವ್ರ ಇದ್ದಂಗ ಟೀಚರ್ರ, ಅಂದಿದ್ದ, ಅದನ್ನು ಗಂಡನ ಮುಂದೆ ಎಷ್ಟು ಸಲ ಹೇಳಿಕೊಂಡಳೋ — ಈಗ ಸ್ಕ್ರೀನಿನ ಮೇಲಿನಿಂದ ಒಂದು ಮೆಸೇಜು ಇಳಿಯುತ್ತಿದೆ, ವೈಶಾಲಿ ಪಪ್ಪಾ ಎಂಬ ಅದೇ ನಂಬರಿನಿಂದ, ಟೀಚರ್ ಸೋಮವಾರ ನನ್ನ ಊರಿಗೆ ಒಯ್ತಾರ, ನನ್ನ ಲಗ್ನ ಮಾಡ್ತಾರ, ನನಗ ಬ್ಯಾಡ, ಏನರ ಮಾಡ್ರಿ ಪ್ಲೀಸ್, ಪಪ್ಪಾಗ ಹೇಳಬ್ಯಾಡ್ರಿ — ಓದಿ ಮುಗಿಸುವಷ್ಟರಲ್ಲಿ ಅಳಿಸಿಯೇ ಹೋಯಿತು. ದೇವರೇ. ಇನ್ನೂ ಹದಿನಾಲ್ಕು ತುಂಬಿಲ್ಲದ ಹುಡುಗಿ. ವೈಶಾಲಿಯ ಚೌಕ ಕಪ್ಪಗಿದೆ, ಕ್ಯಾಮೆರಾ ಬಂದ್, ಅಪ್ಪ ಪಕ್ಕದಲ್ಲೇ ಮಲಗಿರುತ್ತಾನೆ, ಬಾಯಿಬಿಟ್ಟು ಕೇಳುವುದಾದರೂ ಹೇಗೆ, ಸಮಭುಜ ತ್ರಿಕೋನ ಮಕ್ಕಳೇ, ಮೂರೂ ಭುಜ ಸಮ, ತನ್ನ ದನಿ ತನಗೇ ಬೇರೆ ಯಾರದೋ ಅನಿಸಿತು.

ಕ್ಲಾಸು ಮುಗಿಸಿದವಳೇ ಟೈಪ್ ಮಾಡಿದಳು, ಹೆದರಬೇಡ ಮಾರಾಯ್ತಿ, ಈ ಮದುವೆ ನಿಲ್ಲಿಸುವ, ನಾನು ಕಂಪ್ಲೇಂಟ್ ಕೊಡ್ತೇನೆ, ನೀನು ಏನೂ ಗೊತ್ತಿಲ್ಲದ ಹಾಗೆ ಇರು — ಕಳಿಸಿದಳು, ಎರಡು ಗೆರೆ ಮೂಡಿತು, ಆಮೇಲೆ ಮೇಲಿನ ಹೆಸರು ನೋಡಿದಳು, ವೈಶಾಲಿ ಪಪ್ಪಾ, ಯಾರ ಫೋನಿಗೆ, ಅಯ್ಯೋ ಯಾರ ಫೋನಿಗೆ ಕಳಿಸಿದೆ ನಾನು, ಕ್ಲಾಸು ಮುಗಿದರೆ ಅವನು ಎದ್ದು ಮೊದಲು ಫೋನು ಇಸಕೊಳ್ಳುತ್ತಾನೆ, ಅದೂ ಗೊತ್ತಿತ್ತು, ಎಲ್ಲ ಗೊತ್ತಿದ್ದ ಬುದ್ಧಿವಂತೆ ತಾನು, ಅಳಿಸು, ಬೇಗ ಅಳಿಸು, ಒತ್ತಿ ಹಿಡಿದಳು, ಎಲ್ಲರಿಗೂ ಅಳಿಸಲೋ ನಿನಗೆ ಮಾತ್ರ ಅಳಿಸಲೋ ಎಂದು ಫೋನು ಕೇಳಿತು, ಗಡಿಬಿಡಿಯಲ್ಲಿ ಬೆರಳು ಬಿದ್ದದ್ದು ತನಗೆ ಮಾತ್ರ ಎಂಬುದರ ಮೇಲೆ. ಮೆಸೇಜು ಮಾಯ. ತನ್ನ ಫೋನಿನಿಂದ ಮಾತ್ರ ಮಾಯ. ಅಲ್ಲಿ ಸಾಯಬಣ್ಣನ ಅಂಗೈಯಲ್ಲಿ ಅದು ಒಂದಕ್ಷರವೂ ಬಿಡದೆ ಹಾಗೇ ಕೂತಿದೆ, ಇನ್ನು ಅವನು ಓದಿದನೋ ಇಲ್ಲವೋ ಎಂದು ನೋಡುವುದಕ್ಕೂ ಇವಳ ಹತ್ತಿರ ಏನೂ ಉಳಿದಿಲ್ಲ, ಥೂ ನಿನ್ನ, ಎಂದು ತನ್ನ ಕೈಯನ್ನೇ ಬೈದಳು. ಹುಡುಗಿಗೆ ಹೊಡೆದರೆ? ಇಲ್ಲ, ಓದಿರಲಿಕ್ಕಿಲ್ಲ, ಸ್ನಾನಕ್ಕೆ ಹೋಗಿರಬಹುದು — ಆನ್‌ಲೈನ್ ಎಂದು ತೋರಿಸುತ್ತಿದೆ. ರೆಕಾರ್ಡಿಂಗ್ ಎಂದು ತೋರಿಸುತ್ತಿದೆ. ನಿಂತಿತು. ಮತ್ತೆ ರೆಕಾರ್ಡಿಂಗ್.

ಬೈಗುಳ ಬರುತ್ತದೆಂದು ವಾಯ್ಸ್ ಮೆಸೇಜನ್ನು ಕಿವಿಗಿಟ್ಟರೆ ಎಷ್ಟು ನಯವಾದ ದನಿ, ನಮಸ್ಕಾರ್ರಿ ಟೀಚರ್ರ, ನಮ್ಮ ಹುಡುಗಿದ ಭಾಳ ಕಾಳಜಿ ಮಾಡ್ತೀರಿ, ಸೋಮಾರ ಹೋಗಾವ್ರ ಇದ್ವಿ, ಇನ್ನ ಯಾಕ ತಡಾ ಅಂತ ಇವತ್ತ ಗಾಡಿ ಹೇಳೀನಿ, ಆತಲ್ಲ, ಇನ್ನ ಸಾಲಿ ಚಿಂತಿ ನಿಮಗ ಬ್ಯಾಡ — ಹಿಂದಿನಿಂದ ವೈಶಾಲಿ, ಪಪ್ಪಾ, ಯಾರ ಕೂಡ ಮಾತಾಡಾಕತ್ತೀರಿ, ಅಲ್ಲಿಗೆ ಕತ್ತರಿಸಿತ್ತು. ತಿರುಗಿ ಫೋನ್ ಮಾಡಿದಳು, ಹೋಗಲಿಲ್ಲ, ಮತ್ತೆ ಮಾಡಿದಳು, ಬ್ಲಾಕ್. ಮಕ್ಕಳ ಸಹಾಯವಾಣಿ, ಹೌದು, ಹತ್ತು ಒಂಬತ್ತು ಎಂಟು, ಒತ್ತಿದಳು, ಹೆಣ್ಣು ದನಿ, ಹೇಳಿ ಮೇಡಂ, ಹೇಳಿದಳು, ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದಳು, ಠೀಕ್ ಹೈ ಮೇಡಂ, ತಕ್ಷಣ ಜನ ಕಳಿಸ್ತೇವೆ, ಅಡ್ರೆಸ್ ಬತಾಯಿಯೇ. ಅಡ್ರೆಸ್. ಶಾಲೆಯಲ್ಲಿರುವುದು ವಡಾಲದ ಹಳೇ ಖೋಲಿಯದು, ಬಾಡಿಗೆ ಕಟ್ಟಲಾಗದೆ ಅದನ್ನು ಬಿಟ್ಟು ಭಾಂಡುಪಿಗೆ ಹೋದರಲ್ಲ, ಭಾಂಡುಪಿನಲ್ಲಿ ಎಲ್ಲಿ ಮೇಡಂ, ಎಲ್ಲಿ, ಕೇಳಲೇ ಇಲ್ಲವಲ್ಲ, ತಾಯಿ ಅಂಬವ್ವನ ಶುಗರ್ ಎಷ್ಟೆಂದು ಕೇಳಿದ್ದೇನೆ, ರೊಟ್ಟಿಗೆ ಏನು ಪಲ್ಯ ಎಂದು ದಿನಾ ಕೇಳಿದ್ದೇನೆ, ಗಲ್ಲಿ ಯಾವುದೆಂದು ಕೇಳಲಿಲ್ಲ, ಟೀಚರ್ ನಮ್ಮ ಹೊಸಾ ಮನಿ ನೋಡ್ರಿ, ಎಂದು ವೈಶಾಲಿ ಫೋನು ತಿರುಗಿಸಿ ತೋರಿಸಿದ್ದಳು, ಒಂದು ನೀಲಿ ಗೋಡೆ, ಮೊಳೆಗೆ ತೂಗುಹಾಕಿದ ಶಾಲೆಯ ಚೀಲ, ಛಂದ ಉಂಟು ಮಾರಾಯ್ತಿ, ಅಂದಿದ್ದಳು ಇವಳು, ಚಾಳ್ ಕಾ ನಾಮ್ ಮೇಡಂ, ವಠಾರದ ಹೆಸರು, ಹತ್ತಿರ ಯಾವುದಾದರೂ ಶಾಲೆ, ದೇವಸ್ಥಾನ, ಅಂಗಡಿ, ನೀಲಿ ಗೋಡೆ, ಯಾರನ್ನಾದರೂ ಕೇಳಿ ಹೇಳಿ, ಯಾರನ್ನು ಕೇಳಲಿ, ಆ ಮನೆಗೆ ಇರುವುದೇ ಅದೊಂದು ಫೋನು, ಆ ಕಡೆ ಹೋದವರು ಕ್ಲಾಸಿನಲ್ಲಿ ಬೇರೆ ಯಾರೂ ಇಲ್ಲ, ಮೇಡಂ ಲೈನಿನಲ್ಲಿದ್ದೀರಾ, ಇದ್ದೇನೆ, ಇದ್ದೇನೆ, ಗಾಡಿ ಬಂದಿರಬಹುದು, ಮೇಡಂ, ಏನಾದರೂ ಒಂದು ಹೇಳಿ — ನೀಲಿ ಗೋಡೆ, ಮೊಳೆ, ಮೊಳೆಗೆ ಚೀಲ, ನೀಲಿ ಗೋಡೆ